ಕಾಮಾ ಸಾರ್ ತುಂಬಿದ ತಾಲೀಮು ಅರ್ಜಿ

"ಮಗಳನ್ನ ಯುರೋಪಿನಲ್ಲಿ ಓದಿಸೋದಕ್ಕೆ ದುಡ್ಡು ಬೇಕಾಗಿಲ್ಲ, ತಲೆ ಬೇಕು," ಎಂದು ಕಾಮಾ ಸಾರ್ ಒಂದು ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಘೋಷಿಸಿದರು.

"ಯಾರದು?" ಎಂದು ಕೇಳಿದರು ಅವರ ಹೆಂಡತಿ, ಚಹಾ ಸೋಸುತ್ತ.

ಪ್ರಶ್ನೆ ಇದ್ದದ್ದು ಒಂದೇ ಮಾತಿನದು. ಆದರೂ ಕಾಮಾ ಸಾರ್ ಅದಕ್ಕೆ ಉತ್ತರ ಕೊಡದೆ ಲೋಟ ಎತ್ತಿಕೊಂಡರು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಯಾವ ಪ್ರಶ್ನೆಗೆ ಉತ್ತರ ಕೊಡಬಾರದು ಎಂದು ತಿಳಿಯುವಷ್ಟು ವಿವೇಕ ಅವರಿಗೆ ಬಂದಿತ್ತು.

ಅವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಪಠ್ಯಪುಸ್ತಕ, ಕ್ಯಾಲೆಂಡರು, ಔಷಧಿ ಡಬ್ಬಿಯೊಳಗೆ ಮಡಿಸಿಡುವ ಸಣ್ಣಕ್ಷರದ ಚೀಟಿ, ಎಲ್ಲವೂ ಅವರ ಕೆಂಪು ಪೆನ್ನಿನ ಕೆಳಗೆ ಹಾದೇ ಹೊರಗೆ ಹೋಗಬೇಕು. ಒಮ್ಮೆ ಅಂಥದೊಂದು ಚೀಟಿಯಲ್ಲಿ ಒಂದೇ ಒಂದು ಅಲ್ಪವಿರಾಮ ಬಿಟ್ಟುಹೋಗಿದೆಯೆಂದು, ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿಬಿಟ್ಟಿದ್ದರು. ಮಾಲೀಕರು ಅರ್ಧ ದಿನ ತಲೆಯ ಮೇಲೆ ಕೈಹೊತ್ತು ಕೂತರು. ಅಂದಿನಿಂದ ಪ್ರೆಸ್ಸಿನಲ್ಲಿ ಅವರು ಕಾಮಾ ಸಾರ್. (ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಹೆಸರು ಕೇಳಿ ಒಮ್ಮೆ ತಿರುಗಿ ನೋಡುವುದುಂಟು. ಅವರ ನಡತೆಯಲ್ಲಿ ಅಂಥದ್ದೇನೂ ಇಲ್ಲ, ಅದು ಬರೀ ವಿರಾಮಚಿಹ್ನೆ.)

ಹೆಂಡತಿ ಊರಿನ ಹಳೆಯ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ದುರಸ್ತಿ ಮಾಡುವಾಕೆ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ, ಅದೇ ಮೇಜು, ತಾನೇ ಕುದಿಸಿದ ಗೋಂದು, ತೆಳುವಾದ ಕಾಗದ, ಒಂದು ಕುಂಚ. ದಿನಾ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಬೆಳೆದ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದಳು. ಹಳೆಯ ಕಾಗದ ಯಾಕೆ ಹಳದಿಯಾಗಿ ಪುಡಿಯಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಮುಂದೆ ಕಲಿಯಬೇಕೆಂದು ಅವಳ ಆಸೆ. ಎರಡು ವರ್ಷದ ಆ ಓದು ಇರುವುದು ಯುರೋಪಿನ ಕೆಲವೇ ವಿಶ್ವವಿದ್ಯಾಲಯಗಳಲ್ಲಿ. ಮನೆಯಲ್ಲಿ ಕೂಡಿಟ್ಟದ್ದು ಒಂದು ವರ್ಷಕ್ಕೂ ಸಾಲುತ್ತದೋ ಇಲ್ಲವೋ ಎನ್ನುವಂತಿತ್ತು. ಮಗಳು ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೆ ಇದ್ದುದೇ ಅಪ್ಪನಿಗೆ ಹೆಚ್ಚು ಚುಚ್ಚಿದ್ದು.

ವಿದೇಶಕ್ಕೆ ಕಳಿಸಿಕೊಡುವ ಸಲಹೆಗಾರರ ಕಚೇರಿಯೊಂದಕ್ಕೆ ಕಾಮಾ ಸಾರ್ ಹೋಗಿಬಂದಿದ್ದರು. ತಂಪು ಗಾಳಿಯ ಕೋಣೆ, ನಗುಮುಖದ ಹುಡುಗಿ, ಮೇಜಿನ ಮೇಲೆ ಬಣ್ಣದ ಪುಸ್ತಿಕೆ. ಅವರು ತಮ್ಮ ಶುಲ್ಕ ಹೇಳಿದರು. ಕಾಮಾ ಸಾರ್ ಪೆನ್ನು ತೆಗೆದು, ಪುಸ್ತಿಕೆಯಲ್ಲಿದ್ದ ಆರು ತಪ್ಪುಗಳಿಗೆ ಸುತ್ತು ಹಾಕಿ, ಅದನ್ನು ಹಿಂತಿರುಗಿಸಿ ಎದ್ದುಬಂದರು.

"ನಾನೇ ಹುಡುಕ್ತೀನಿ," ಎಂದರು ಮನೆಗೆ ಬಂದು. "ಜಗತ್ತಿನಲ್ಲಿ ಸಣ್ಣಕ್ಷರ ಓದೋ ತಾಳ್ಮೆ ಇರೋನಿಗೆ ಎಲ್ಲಾ ಅಗ್ಗಕ್ಕೆ ಸಿಗುತ್ತೆ."

ಮಾತಿಗೆ ತಕ್ಕಂತೆ ಹುಡುಕಿಯೂ ಹುಡುಕಿದರು. ಎರಡು ತಿಂಗಳಲ್ಲಿ ಊಟದ ಮೇಜು ಊಟಕ್ಕೆ ಉಳಿಯಲಿಲ್ಲ. ಅಲ್ಲಿ ಒಂದು ಮಹಾಫೈಲು ಹುಟ್ಟಿ, ದಿನದಿನಕ್ಕೆ ಕೊಬ್ಬಿ, ಕೊನೆಗೆ ತಟ್ಟೆಗಳನ್ನು ಅಂಚಿಗೆ ತಳ್ಳಿತು. ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲದ ಅಥವಾ ಅತಿ ಕಡಿಮೆಯಿರುವ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹಸಿರು ಚೀಟಿ. ವಿದ್ಯಾರ್ಥಿವೇತನಗಳಿಗೆ ಹಳದಿ. ವಿದ್ಯಾರ್ಥಿಗಳ ಅಗ್ಗದ ಊಟದ ಮನೆ, ಬಳಸಿದ ಕೋಟು ಮಾರುವ ಅಂಗಡಿ, ಯಾರೋ ಬಿಟ್ಟುಹೋದ ಸೈಕಲ್ಲು, ಇವಕ್ಕೆಲ್ಲ ನೀಲಿ. ಅವರು ಎದೆಗೊತ್ತಿ ಹಿಡಿದುಕೊಂಡಿದ್ದ ಹಾಳೆಯೊಂದಕ್ಕೆ ಮಾತ್ರ ಕೆಂಪು ಚೀಟಿ. ಒಂಟಿಯಾಗಿರುವ ವಯಸ್ಸಾದವರ ಮನೆಯಲ್ಲಿ ವಾರಕ್ಕೆ ಇಷ್ಟು ಗಂಟೆ ಕೈಗೆಲಸ ಮಾಡಿಕೊಟ್ಟರೆ ಬಾಡಿಗೆಯಿಲ್ಲದೆ ಒಂದು ಕೋಣೆ ಕೊಡುತ್ತಾರೆ ಎಂಬ ವಿಷಯ ಅದರಲ್ಲಿತ್ತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿಗೆ ಆಗಲೇ ಪತ್ರ ಬರೆದೂ ಆಗಿತ್ತು. 'ಕೋಣೆ ದೊಡ್ಡದಿದೆ, ಎರಡು ಮಂಚಗಳಿವೆ, ಬೇಕಾದರೆ ಇಬ್ಬರು ಗೆಳತಿಯರು ಬರಬಹುದು' ಎಂದು ಆ ಅಜ್ಜಿ ಉತ್ತರಿಸಿದ್ದರು.

ಈ ನಡುವೆ ಒಂದು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮೂರು ಅಲ್ಪವಿರಾಮಗಳು ಜಾಗ ತಪ್ಪಿರುವುದನ್ನು ಕಂಡು, ಪ್ರವೇಶ ವಿಭಾಗಕ್ಕೆ ವಿನಯಪೂರ್ವಕ ಪತ್ರವನ್ನೂ ಬರೆದರು. ಅವರು ತಿದ್ದಿಕೊಂಡು ಧನ್ಯವಾದ ಹೇಳಿದರು. ಆ ದಿನ ಕಾಮಾ ಸಾರ್ ಮನೆಯೊಳಗೆ ನಡೆದ ರೀತಿ ನೋಡಿದರೆ ಆ ವಿಶ್ವವಿದ್ಯಾಲಯವನ್ನು ಕಟ್ಟಿಸಿದವರೇ ಅವರು ಎನ್ನಬೇಕು.

"ಇಷ್ಟೆಲ್ಲ ಆದ ಮೇಲೆ ತರಬೇತಿ ಬೇಕು," ಎಂದರು ಆಮೇಲೆ. "ಅಲ್ಲಿ ಹೋಗಿ ಒದ್ದಾಡೋದಕ್ಕಿಂತ ಇಲ್ಲೇ ಅಭ್ಯಾಸ ಆಗ್ಲಿ. ಸೋಮವಾರ ಒಂದು ಪಾತ್ರೆ ಅಡುಗೆ. ಅದೇ ಗುರುವಾರದವರೆಗೆ."

"ಅಡುಗೆ ಯಾರು ಮಾಡೋದು?" ಎಂದಳು ಮಗಳು.

"ನಿಮ್ಮಮ್ಮ."

"ತರಬೇತಿ ನನಗಲ್ವಾ ಅಪ್ಪಾ?"

"ಇಡೀ ಮನೆಗೆ. ಒಬ್ಬರಿಗೋಸ್ಕರ ಬೇರೆ ಪಾತ್ರೆ ಇಡೋದು ಉಳಿತಾಯ ಅನಿಸ್ಕೊಳ್ಳಲ್ಲ."

ಹೆಂಡತಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿದರು. ಬುಧವಾರ ಮಧ್ಯಾಹ್ನ ಮಗಳು ಯಾವುದೋ ದಾಖಲೆಯ ದೃಢೀಕರಣಕ್ಕೆಂದು ಪ್ರೆಸ್ಸಿನ ಕಡೆ ಹೋದಾಗ, ತರಬೇತಿಯ ನಿರ್ದೇಶಕರು ಎದುರಿನ ಹೋಟೆಲಿನ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಬಿಸಿಬಿಸಿ ತಿನ್ನುತ್ತಿದ್ದುದು ಕಂಡಿತು. ಗುರುವಾರದಿಂದ ಮನೆಯಲ್ಲಿ ಎಂದಿನ ಅಡುಗೆ ಶುರುವಾಯಿತು.

ಅರ್ಜಿ ತುಂಬುವ ವಾರ ಬಂತು. ಅರ್ಜಿಯೆಂದರೆ ಹನ್ನೊಂದು ಪುಟ. ತುಂಬುವುದು ಕಂಪ್ಯೂಟರಿನಲ್ಲಿ. ಒಂದು ಪುಟ ಮುಗಿಸದೆ ಮುಂದಿನದು ತೋರಿಸುವುದಿಲ್ಲ, ತಡಮಾಡಿದರೆ ಮೊದಲಿನಿಂದ ಶುರು. ಕಾಮಾ ಸಾರ್‌ಗೆ ಇದು ಅಕ್ರಮ ಅನಿಸಿತು. ಮೊದಲ ಕರಡನ್ನೇ ಅಚ್ಚಿಗೆ ಕಳಿಸು ಎಂದರೆ ಹೇಗೆ?

"ಮೊದಲು ಒಂದು ತಾಲೀಮು ಅರ್ಜಿ ತುಂಬೋಣ," ಎಂದರು. "ಎಲ್ಲೆಲ್ಲಿ ಏನೇನು ಕೇಳ್ತಾರೆ ಗೊತ್ತಾಗುತ್ತೆ. ಆಮೇಲೆ ನಿನ್ನದು."

ತಾಲೀಮು ಯಾರ ಹೆಸರಿನಲ್ಲಿ? ತಮ್ಮ ಹೆಸರಿನಲ್ಲಿ ಆಗದು. ಅವರು ಪದವಿಯನ್ನು ಕೊನೆಯ ವರ್ಷದಲ್ಲಿ ಬಿಟ್ಟವರು. (ಪಠ್ಯಪುಸ್ತಕದಲ್ಲಿ ತಪ್ಪುಗಳಿದ್ದವು ಎಂಬುದು ಅವರ ವಿವರಣೆ. ಲೆಕ್ಕದಲ್ಲಿ ಫೇಲಾದರು ಎಂಬುದು ಅವರ ತಂಗಿಯ ವಿವರಣೆ.) ಹೆಂಡತಿಗೆ ವಿಜ್ಞಾನದ ಪದವಿಯಿತ್ತು. ಅಂಕಪಟ್ಟಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಭದ್ರವಾಗಿತ್ತು. ಶನಿವಾರ ಮಧ್ಯಾಹ್ನ ಮಗಳು ಹೊರಗೆ ಹೋಗಿದ್ದಾಗ, ಆಕೆ ಬಟ್ಟೆ ಮಡಿಸುತ್ತಿದ್ದ ಕಡೆಯೇ ಕುರ್ಚಿ ಎಳೆದುಕೊಂಡು ಕೂತರು.

"'ನಿಮ್ಮ ಈಗಿನ ಕೆಲಸವನ್ನು ವಿವರಿಸಿ' ಅಂತಿದೆ. ಹೇಳು."

"ಹರಿದಿದ್ದು ಅಂಟಿಸ್ತೀನಿ."

"ಅಷ್ಟು ಸಾಲದು. ಮುನ್ನೂರು ಪದ ಬೇಕಂತೆ. ಅದರಲ್ಲಿ ಕಷ್ಟದ್ದು ಯಾವುದು?"

ಆಕೆ ಒಂದು ಅಂಗಿಯ ಕಾಲರು ಸರಿಮಾಡುತ್ತ ಯೋಚಿಸಿದರು. "ಹಿಂದಿನವರು ಹಾಕಿದ ಅಂಟು ಬಿಡಿಸೋದು."

"ಅದ್ಯಾಕೆ?"

"ಒಳ್ಳೇದಾಗ್ಲಿ ಅಂತ್ಲೇ ಹಾಕಿರ್ತಾರೆ ಪಾಪ. ಆದ್ರೆ ಜಾಸ್ತಿ ಹಾಕಿರ್ತಾರೆ. ಅದು ಗಟ್ಟಿಯಾಗಿ ಪುಟಾನೇ ಸೀಳುತ್ತೆ. ಎಳೆಯೋ ಹಾಗಿಲ್ಲ. ಒದ್ದೆ ಬಟ್ಟೆ ಇಟ್ಟು ಕಾಯ್ಬೇಕು."

"ಎಷ್ಟೊತ್ತು?"

"ಒಂದೊಂದ್ಸಲ ಮೂರು ದಿನ."

"ಮೂರು ದಿನಾನಾ! ಅಲ್ಲೀತನಕ ಏನ್ಮಾಡ್ತೀಯ?"

"ಓದ್ತಿರ್ತೀನಿ. ಆ ಪುಟಾನೇ."

ಕಾಮಾ ಸಾರ್ ಆಕೆ ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ಇಳಿಸಿದರು. ಅಲಂಕಾರ ಮಾಡಲು ಹೋಗಲಿಲ್ಲ. ತಾಲೀಮಿಗೆ ಯಾರಾದರೂ ಜರಿ ಪೇಟ ಸುತ್ತಿಕೊಳ್ಳುತ್ತಾರೆಯೇ? ಹತ್ತು ಪುಟ ಮುಗಿದವು. ಹನ್ನೊಂದನೆಯದು ಕಾಣಬೇಕಾದರೆ 'ಸಲ್ಲಿಸಿ' ಎಂಬ ಗುಂಡಿ ಒತ್ತಲೇಬೇಕಿತ್ತು. ಒತ್ತಿದರು. ಹನ್ನೊಂದನೆಯ ಪುಟ ಬಂತು. ಅದರಲ್ಲಿ 'ನಿಮ್ಮ ಅರ್ಜಿ ಬಂದು ಸೇರಿದೆ, ಧನ್ಯವಾದ' ಎಂದಿತ್ತು.

'ಸೇರಿದರೆ ಸೇರಲಿ,' ಎಂದುಕೊಂಡರು. 'ಕರಡು ಯಾರು ಓದ್ತಾರೆ?' ಹೆಂಡತಿಗೆ ಹೇಳುವ ಅಗತ್ಯ ಕಾಣಲಿಲ್ಲ. ಆಕೆಯೂ ಕೇಳಲಿಲ್ಲ.

ಮಗಳ ಪತ್ರ ಮಾತ್ರ ಒಂಬತ್ತು ಕರಡು ಕಂಡಿತು. ಅವಳು ಬರೆದಿದ್ದ 'ಅಮ್ಮನ ಮೇಜಿನ ಕೆಳಗೆ ಕೂತು ಕಾಗದದ ಚೂರುಗಳನ್ನು ಆರಿಸುತ್ತಿದ್ದೆ' ಎಂಬ ಸಾಲು ಎರಡನೇ ಕರಡಿನಲ್ಲಿ ಹಾರಿಹೋಯಿತು. ಕೊನೆಗೆ ಉಳಿದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: 'ಮಾನವಕುಲದ ಲಿಖಿತ ಪರಂಪರೆಯ ಅನರ್ಘ್ಯ ರತ್ನರಾಶಿಯನ್ನು ಕಾಲಪುರುಷನ ಕರಾಳ ದಂಷ್ಟ್ರೆಗಳಿಂದ ಪಾರುಗಾಣಿಸುವ ಮಹೋನ್ನತ ಸಂಕಲ್ಪದಿಂದ ಪ್ರೇರಿತಳಾಗಿ...'

"ಅಪ್ಪಾ, ಇದು ನಾನಲ್ಲ," ಎಂದಳು ಮಗಳು.

"ನೀನಲ್ಲ ಅಂತ ನಮಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗುತ್ತೆ?"

ಆರು ವಾರವಾದ ಮೇಲೆ ಒಂದು ಮಧ್ಯಾಹ್ನ ಪ್ರೆಸ್ಸಿಗೆ ಮಗಳ ಫೋನು ಬಂತು. "ಅಪ್ಪಾ, ಬೇಗ ಮನೆಗೆ ಬಾ. ಎರಡು ಪತ್ರ ಬಂದಿದೆ."

ಎರಡು! ಅಂದರೆ ಎರಡು ಕಡೆಯವರು ಮಗಳಿಗಾಗಿ ಕಿತ್ತಾಡುತ್ತಿದ್ದಾರೆ ಎಂದು ತಿಳಿದು, ಕಾಮಾ ಸಾರ್ ದಾರಿಯಲ್ಲಿ ಸಿಹಿಯ ಪೊಟ್ಟಣ ಕಟ್ಟಿಸಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮನೆಯಲ್ಲಿ ತಾಯಿ ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದರು.

ಮೊದಲ ಪತ್ರ ಮಗಳಿಗೆ. ಅಂಕಗಳು ಚೆನ್ನಾಗಿದ್ದುದರಿಂದ ಸೀಟು ಕೊಟ್ಟಿದ್ದರು. ಬೋಧನಾ ಶುಲ್ಕವಿಲ್ಲ. ವಿದ್ಯಾರ್ಥಿವೇತನ ಮಾತ್ರ ಇಲ್ಲ. ಕೆಳಗೆ ಸಮಿತಿಯ ಟಿಪ್ಪಣಿ: 'ಅಭ್ಯರ್ಥಿಯ ಪತ್ರದಿಂದ ಕಾಲಪುರುಷನ ಬಗ್ಗೆ ಸಾಕಷ್ಟು ತಿಳಿಯಿತು. ಅಭ್ಯರ್ಥಿಯ ಬಗ್ಗೆ ಏನೂ ತಿಳಿಯಲಿಲ್ಲ.'

ಎರಡನೆಯದು ಅವರ ಹೆಂಡತಿಗೆ. ಸೀಟು, ಎರಡು ವರ್ಷಕ್ಕೆ ಪೂರ್ತಿ ವಿದ್ಯಾರ್ಥಿವೇತನ, ಹೋಗಿಬರುವ ಖರ್ಚು. 'ಅಂಟು ಬಿಡಿಸಲು ಮೂರು ದಿನ ಕಾಯುತ್ತ ಅದೇ ಪುಟವನ್ನು ಓದುವವರು ನಮ್ಮಲ್ಲಿ ಇರಬೇಕೆಂದು ಸಮಿತಿ ಒಮ್ಮತದಿಂದ ಬಯಸುತ್ತದೆ.'

ಕಾಮಾ ಸಾರ್ ಪೊಟ್ಟಣವನ್ನು ಮಹಾಫೈಲಿನ ಮೇಲಿಟ್ಟು ಕೂತರು. ತಾಲೀಮಿನ ಕಥೆ ಹೇಳಲೇಬೇಕಾಯಿತು. ಹೇಳಿ ಮುಗಿಸಿ, "ಏನೋ ಕೈತಪ್ಪು. ನಾಳೆನೇ ಬರಲ್ಲ ಅಂತ ಬರೆದುಬಿಡ್ತೀನಿ. ಕ್ಷಮೆನೂ ಕೇಳ್ತೀನಿ," ಎಂದರು.

"ಯಾರು ಬರಲ್ಲ ಅಂತ?" ಎಂದರು ಹೆಂಡತಿ.

"ನೀನು."

"ನಾನು ಹೇಳಿದ್ನಾ?"

ಆಕೆ ಪತ್ರವನ್ನು ಮತ್ತೊಮ್ಮೆ ಓದುತ್ತಿದ್ದರು. "ರೀ, ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಗೆ ಬಂದೋರೆಲ್ಲ ಕೇಳಿದ್ದು ಒಂದೇ, 'ಆಯ್ತಾ?' ಅಂತ. ಹೇಗೆ ಮಾಡ್ತೀಯ ಅಂತ ಯಾರೂ ಕೇಳಿರ್ಲಿಲ್ಲ. ಆವತ್ತು ನೀವು ಕೇಳಿದ್ರಿ."

"ಅದು ತಾಲೀಮಿಗೆ ಕಣೇ!"

"ಗೊತ್ತು. ಆದ್ರೂ ಕೇಳಿದ್ರಲ್ಲ."

ಮುಂದಿನ ವಾರವೆಲ್ಲ ಕಾಮಾ ಸಾರ್ ಖರ್ಚಿನ ವಾದ ಹೂಡಿದರು. ಇಬ್ಬರು ಹೋದರೆ ಮನೆ ಮುಳುಗುತ್ತದೆ ಎಂದರು. ಮಗಳು ಮಹಾಫೈಲನ್ನೇ ತೆರೆದು ಎದುರಿಗಿಟ್ಟಳು. ಕೆಂಪು ಚೀಟಿಯ ಪ್ರಕಾರ ಕೋಣೆಯಲ್ಲಿ ಎರಡು ಮಂಚವಿದೆ, ಬಾಡಿಗೆ ಇಲ್ಲ. ಹಸಿರಿನ ಪ್ರಕಾರ ಶುಲ್ಕವಿಲ್ಲ. ಅಮ್ಮನ ಖರ್ಚು ಅವರದೇ ವಿದ್ಯಾರ್ಥಿವೇತನದಲ್ಲಿ ಹೋಗಿ ಇನ್ನಷ್ಟು ಉಳಿಯುತ್ತದೆ. ಅದು ಸೇರಿದರೆ ಕೂಡಿಟ್ಟದ್ದು ಮಗಳಿಗೆ ಎರಡು ವರ್ಷಕ್ಕೂ ಸಾಕು.

"ಅಪ್ಪಾ, ನಾನೊಬ್ಬಳೇ ಹೋದ್ರೆ ಒಂದು ವರ್ಷಕ್ಕೆ ವಾಪಸ್ಸು ಬರ್ಬೇಕು. ಅಮ್ಮ ಬಂದ್ರೆ ಓದು ಮುಗಿಯುತ್ತೆ. ನಿನ್ನ ಫೈಲೇ ಹೇಳ್ತಿದೆ."

ಕಾಮಾ ಸಾರ್ ಹಾಳೆ ಹಾಳೆ ತಿರುವಿದರು. ತಪ್ಪು ಹುಡುಕುವುದು ಅವರ ವೃತ್ತಿ. ತಪ್ಪಿರಲಿಲ್ಲ. ಎಷ್ಟೆಂದರೂ ತಿದ್ದಿದವರು ಅವರೇ.

ಆದರೂ ಒಂದು ಸಂಜೆ, ತಾಯಿ ಮಗಳು ವಿಶ್ವವಿದ್ಯಾಲಯ ಕೇಳಿದ್ದ ಇಂಗ್ಲಿಷ್ ಭಾಷಾ ಪರೀಕ್ಷೆ ಬರೆಯಲು ಹೋಗಿದ್ದಾಗ, ನಿರಾಕರಣೆಯ ಪತ್ರ ಬರೆದಿಡೋಣವೆಂದು ಕೂತರು. ಮೊದಲು ಹೆಂಡತಿಯ ಅರ್ಜಿಯನ್ನು ತೆರೆದು, ಅದರಲ್ಲೇನಾದರೂ ದೋಷ ತೋರಿಸಬಹುದೇ ಎಂದು ಕೆಂಪು ಪೆನ್ನು ಹಿಡಿದು ಓದಿದರು. ಮುನ್ನೂರು ಪದ. ಪೆನ್ನು ಎಲ್ಲಿಯೂ ಇಳಿಯಲಿಲ್ಲ. ಗ್ರಂಥಾಲಯದ ಆ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ತಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಪೆನ್ನಿಗೆ ಮುಚ್ಚಳ ಹಾಕಿ, ಕಿಟಕಿಯಲ್ಲಿ ನಿಂತು ದಾರಿ ನೋಡಿದರು. ಬಂದವರು ಭಾಷಾ ಪರೀಕ್ಷೆ ಚೆನ್ನಾಗಿ ಆಯಿತೆಂದರು. (ಫಲಿತಾಂಶದಲ್ಲಿ ತಾಯಿಗೆ ಮಗಳಿಗಿಂತ ಅರ್ಧ ಅಂಕ ಹೆಚ್ಚು. ಅದನ್ನು ಆಕೆ ಯಾರ ಮುಂದೆಯೂ ಹೇಳಲಿಲ್ಲ. ಪಕ್ಕದ ಮೂರು ಮನೆಯವರಿಗೆ ಗೊತ್ತಾದದ್ದು ಕಾಮಾ ಸಾರ್ ಹೇಳಿದ್ದರಿಂದ.)

ಗ್ರಂಥಾಲಯದವರು ಎರಡು ವರ್ಷದ ರಜೆ ಕೊಟ್ಟರು. ಉಳಿದದ್ದು ವೀಸಾ. ಅದರ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: 'ಓದು ಮುಗಿಸಿ ನೀವು ಹಿಂತಿರುಗುತ್ತೀರಿ ಎನ್ನುವುದಕ್ಕೆ ಆಧಾರವೇನು?' ಕಾಮಾ ಸಾರ್ ನಾಲ್ಕು ಪುಟದ ಉತ್ತರ ತಯಾರಿಸಿಟ್ಟರು. ಹೆಂಡತಿ ಅದನ್ನು ಪಕ್ಕಕ್ಕಿಟ್ಟು ಒಂದೇ ಪದ ಬರೆದರು: 'ಗಂಡ.'

ಸಂದರ್ಶನದ ದಿನ ಮೂವರೂ ಹೋದರು. ಗಾಜಿನ ಹಿಂದಿದ್ದ ಅಧಿಕಾರಿಣಿ ಆ ಒಂದು ಪದವನ್ನು ಓದಿ, ತಲೆಯೆತ್ತಿ, ಬೆಂಚಿನ ಮೇಲೆ ಕೂತಿದ್ದ ಕಾಮಾ ಸಾರ್ ಅವರನ್ನು ಕರೆದರು.

"ಆ ಗಂಡ ನೀವೇನಾ?"

"ಹೌದು ಮೇಡಂ."

"ಇವರಿಬ್ಬರೂ ಹೋದ ಮೇಲೆ ಮನೆಯಲ್ಲಿ ಯಾರಿರ್ತಾರೆ?"

"ನಾನೊಬ್ಬನೇ."

"ಅಡುಗೆ ಬರುತ್ತಾ?"

ಕಾಮಾ ಸಾರ್ ಹೆಂಡತಿಯ ಕಡೆ ನೋಡಿದರು. ಆಕೆ ಗೋಡೆಯ ಗಡಿಯಾರ ನೋಡುತ್ತಿದ್ದರು. "ನೀರು ಕಾಯಿಸ್ತೀನಿ," ಎಂದರು.

"ಅನ್ನ?"

"ಬೇಯ್ತಾ ಇದ್ರೆ ಗೊತ್ತಾಗುತ್ತೆ."

ಅಧಿಕಾರಿಣಿ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕಾಗದದ ಮೇಲೆ ಠಪ್ಪೆಂದು ಮೊಹರು ಒತ್ತಿದರು. "ಇವರು ಬಂದೇ ಬರ್ತಾರೆ," ಎಂದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಕಾಮಾ ಸಾರ್ ಕೂಡ ನಕ್ಕರು, ಸ್ವಲ್ಪ ತಡವಾಗಿ.

ತಾಯಿ ಮಗಳು ಹೊರಟ ಬೆಳಿಗ್ಗೆ ನಿಲ್ದಾಣದಲ್ಲಿ ಅವರು ಅಳಲಿಲ್ಲ. ಪ್ರಯಾಣಿಕರಿಗೆ ಸೂಚನೆ ಎಂಬ ಫಲಕದ ಮುಂದೆ ನಿಂತು ಅದರ ತಪ್ಪುಗಳನ್ನು ಎಣಿಸುತ್ತಿದ್ದರು. ಮನೆಗೆ ಬಂದು ಬಾಗಿಲು ತೆರೆದಾಗ ಊಟದ ಮೇಜು ಪೂರ್ತಿ ಖಾಲಿಯಿತ್ತು. ಮಹಾಫೈಲು ಮಗಳ ಪೆಟ್ಟಿಗೆಯಲ್ಲಿ ಹೋಗಿತ್ತು. ಅಷ್ಟು ದೊಡ್ಡ ಮೇಜು ತಮ್ಮ ಮನೆಯಲ್ಲಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಮೊದಲ ತಿಂಗಳು ಪ್ರೆಸ್ಸಿನ ಎದುರಿನ ಹೋಟೆಲು ಅವರನ್ನು ಸಾಕಿತು. ಎರಡನೇ ತಿಂಗಳು ಹೊಟ್ಟೆ ಕೈಕೊಟ್ಟಿತು. ವೈದ್ಯರು ಮನೆ ಊಟ ಎಂದರು. ಮನೆಯಿತ್ತು, ಊಟವಿರಲಿಲ್ಲ. ಬೇರೆ ದಾರಿ ಕಾಣದೆ ಕಾಮಾ ಸಾರ್ ಕುಕ್ಕರಿನ ಜೊತೆ ಬಂದಿದ್ದ ಸೂಚನಾ ಪುಸ್ತಿಕೆಯನ್ನು ಹುಡುಕಿ, ಮೊದಲು ತಿದ್ದಿ, ಆಮೇಲೆ ಓದಿ, ಅಕ್ಕಿ ಇಟ್ಟರು. ಮೊದಲ ದಿನ ಅದು ಗೋಂದಾಯಿತು. ಎರಡನೇ ದಿನ ಕಲ್ಲು. ಹದಿನೈದು ದಿನಕ್ಕೆ ಅನ್ನವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಬೇಳೆ, ತರಕಾರಿ, ಸರಿಯಾದ ಉಪ್ಪು. ಒಂದು ದಿನ ತಮ್ಮ ಕೈಯಡುಗೆಯನ್ನು ತಾವೇ ಎರಡನೇ ಸಲ ಬಡಿಸಿಕೊಂಡಾಗ ಅವರಿಗೆ ಹೆಮ್ಮೆಯಾಯಿತು. ಮರುಕ್ಷಣವೇ ಸೌಟು ಕೆಳಗಿಟ್ಟರು. ಆಕೆ ವಾಪಸ್ಸು ಬರುತ್ತಾಳೆ ಎನ್ನುವುದಕ್ಕೆ ಸರ್ಕಾರಕ್ಕೆ ಕೊಟ್ಟ ಆಧಾರ ಇರುವುದು ಒಂದೇ. ಅದನ್ನು ತಾವೇ ಬೇಯಿಸಿ ತಿಂದುಬಿಟ್ಟರೆ?

ಹಾಗಾಗಿ ಅಡುಗೆ ಗುಟ್ಟಾಗಿ ಉಳಿಯಿತು. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಫೋನು ಬಂದಾಗ ಅವರ ದನಿ ತನ್ನಿಂತಾನೇ ಸೊರಗುತ್ತಿತ್ತು. "ಏನೋ ಕಣೇ. ಬ್ರೆಡ್ಡು, ಬಾಳೆಹಣ್ಣು. ನಡೀತಿದೆ."

ಎರಡನೇ ವರ್ಷದ ನಡುವೆ ಒಂದು ಭಾನುವಾರ ಹೆಂಡತಿಯ ದನಿಯಲ್ಲಿ ಏನೋ ಸಂಭ್ರಮವಿತ್ತು. ಮಗಳ ಪ್ರಯೋಗ ಚೆನ್ನಾಗಿ ಆಗಿದೆ, ಅಜ್ಜಿ ಆರೋಗ್ಯವಾಗಿದ್ದಾರೆ ಎಂದೆಲ್ಲ ಹೇಳಿದ ಮೇಲೆ ಮೆಲ್ಲಗೆ ಸೇರಿಸಿದರು: "ಇಲ್ಲಿ ಪ್ರೊಫೆಸರು ನನ್ನನ್ನ ಇನ್ನೂ ಒಂದು ವರ್ಷ ಇರಿ ಅಂತಿದ್ದಾರೆ. ಹಳೇ ನಕಾಶೆಗಳ ದುರಸ್ತಿ. ಸಂಬಳಾನೂ ಕೊಡ್ತಾರೆ."

ಕಾಮಾ ಸಾರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ನೀನೇನಂದೆ?"

"ಏನನ್ಲಿ? ನೀವಲ್ಲಿ ಬ್ರೆಡ್ಡು ತಿಂದ್ಕೊಂಡು ಇರೋವಾಗ? ಆಗಲ್ಲ ಅಂದೆ. ನಮ್ಮನೆಯೋರಿಗೆ ಒಂದು ಹಿಡಿ ಅನ್ನ ಬೇಯಿಸಿಕೊಳ್ಳೋಕೂ ಬರಲ್ಲ ಅಂದೆ."

"ನಿಜ ಕಣೇ," ಎಂದರು ಕಾಮಾ ಸಾರ್, ಕಣ್ಣು ಮುಚ್ಚಿ ನೆಮ್ಮದಿಯ ಉಸಿರು ಬಿಡುತ್ತ. "ಸತ್ಯವಾಗ್ಲೂ ಬರಲ್ಲ."

ಅಡುಗೆಮನೆಯಲ್ಲಿ ಕುಕ್ಕರು ಉದ್ದಕ್ಕೆ ಸೀಟಿ ಹೊಡೆಯಿತು.

"ಅದೇನ್ರೀ ಸದ್ದು?"

"ಯಾವುದು? ಓ, ಅದಾ? ಪಕ್ಕದ ಮನೇದು."

ಅಷ್ಟರಲ್ಲಿ ಎರಡನೇ ಸೀಟಿ, ಮೊದಲಿನದಕ್ಕಿಂತ ಖುಷಿಯಾಗಿ.

"ಪಕ್ಕದ ಮನೆಯೋರಿಗೆ ಹೇಳಿ," ಎಂದರು ಹೆಂಡತಿ ಶಾಂತವಾಗಿ, "ಮೂರನೇ ಸೀಟಿಗೆ ಆರಿಸ್ಲಿ ಅಂತ. ನಾನು ನಾಳೆ ಹೋಗಿ ಪ್ರೊಫೆಸರಿಗೆ ಒಂದು ಮಾತು ಹೇಳಿ ಬರ್ತೀನಿ."